ಮರವಿಲ್ಲದ ಗುಂಡುತೋಪನ್ನು ಏನೆಂದು ಕರೆಯಬೇಕು?

ನಾಲೆಬದಿ (ಪಾಂಡವಪುರ)

ಎಲ್ಲರಿಗೂ ನಮಸ್ಕಾರ. ಒಂದು ನಾಮಫಲಕದ ಮೇಲೆ ಯಾವ ಪದ ಬರೆಸಬೇಕೆಂಬ ಸಣ್ಣ ವಿಷಯಕ್ಕೆ ನಮ್ಮೂರಿನಲ್ಲಿ ಹದಿನೈದು ದಿನಗಳಿಂದ ವಾದ ನಡೆಯುತ್ತಿದೆ. ಪದಗಳ ಬೇರು ಬಲ್ಲವರೂ ನೆಲದ ಲೆಕ್ಕ ಬಲ್ಲವರೂ ಇಲ್ಲಿ ಇರುವುದರಿಂದ ಆ ವಾದವನ್ನು ತಮ್ಮ ಮುಂದೆ ಇಡುತ್ತಿದ್ದೇನೆ.

ನಮ್ಮೂರಿನ ಮೂಡಲಿಗೆ, ವಿಶ್ವೇಶ್ವರಯ್ಯ ನಾಲೆಯ ಒಂದು ತೂಬಿನ ಕೆಳಗೆ, ಎರಡು ಎಕರೆ ಹತ್ತು ಗುಂಟೆ ಜಾಗವಿದೆ. ದಾಖಲೆಯಲ್ಲಿ ಅದು ಗುಂಡುತೋಪು, ಎಂದರೆ ಊರಿಗೆ ಸೇರಿದ ಮರಗಳ ಜಾಗ. ನಮ್ಮ ತಾತನ ಕಾಲದಲ್ಲಿ ಅಲ್ಲಿ ಮಾವು, ಹುಣಸೆ, ಹಿಪ್ಪೆ, ನೇರಳೆ ಸೇರಿ ಮಧ್ಯಾಹ್ನದ ಬಿಸಿಲು ನೆಲ ಮುಟ್ಟದಷ್ಟು ಮರಗಳಿದ್ದವಂತೆ. ನಾನು ಕಂಡಿರುವುದು ಒಂದು ಹುಣಸೆ, ಎರಡು ಹೊಂಗೆ ಮತ್ತು ಕಬ್ಬಿನ ಲಾರಿಗಳು ನಿಂತು ನಿಂತು ಗಟ್ಟಿಯಾದ ನೆಲವನ್ನು ಮಾತ್ರ. ಈ ಮಳೆಗಾಲದಲ್ಲಿ ಊರಿನ ಹುಡುಗರು ಸೇರಿ ಸಸಿ ನೆಡಲು ನಿರ್ಧರಿಸಿದ್ದಾರೆ. ಅದು ಸಂತೋಷದ ವಿಷಯ. ಆದರೆ ಅವರು ಬರೆಸಲು ಹೊರಟಿರುವ ಫಲಕದಲ್ಲಿ ‘ಗ್ರಾಮ ಅರಣ್ಯ’ ಎಂದಿದೆ. ಹಿರಿಯರೊಬ್ಬರು ತಕ್ಷಣ ಅಡ್ಡ ಹಾಕಿದರು: “ಅರಣ್ಯ ಅಂತ ಬರುದ್ರೆ ನಾಳೆ ದನ ಬಿಡಕ್ಕೂ ಫಾರೆಸ್ಟ್‌ನೋರ್ನ ಕೇಳ್ಬೇಕಾಯ್ತದೆ ಕಣ್ಲಾ.” ಶಾಲೆಯ ಅಧ್ಯಾಪಕರು ‘ವನ’ ಎಂದರೆ ಸುಂದರವಾಗಿರುತ್ತದೆ ಎಂದರು. ಮೂರು ಮರವಿರುವ ಜಾಗವನ್ನು ತೋಪು ಎನ್ನುವುದೇ ಸುಳ್ಳು ಎಂದು ಮತ್ತೊಬ್ಬರು ನಕ್ಕರು.

ನನ್ನ ಪ್ರಶ್ನೆ ಇಷ್ಟೆ. ತೋಪು, ತೋಟ, ಬನ, ವನ, ಕಾಡು, ಅಡವಿ, ಅರಣ್ಯ, ಇವೆಲ್ಲ ಮರವಿರುವ ನೆಲಕ್ಕೇ ಹೇಳುವ ಪದಗಳಾದರೆ ಅವುಗಳ ನಡುವೆ ವ್ಯತ್ಯಾಸ ಮರಗಳ ಲೆಕ್ಕದ್ದೋ, ಬೇರೆ ಯಾವುದರದ್ದೋ? ಮತ್ತು ‘ಗುಂಡು’ ಎಂಬುದು ಅಲ್ಲಿ ಏನು ಮಾಡುತ್ತಿದೆ?

ಹಳೇಮೈಸೂರು

ಕೊನೆಯ ಪ್ರಶ್ನೆಯಿಂದ ಆರಂಭಿಸುತ್ತೇನೆ, ಏಕೆಂದರೆ ಅದರ ಬಗ್ಗೆ ಮೈಸೂರಿನಲ್ಲಿ ಒಂದು ಕಥೆ ಚಾಲ್ತಿಯಲ್ಲಿದೆ. ಸೈನ್ಯ ಸಾಗುವಾಗ ಫಿರಂಗಿಗಳನ್ನೂ ಅವುಗಳ ಗುಂಡುಗಳನ್ನೂ ಮರದ ನೆರಳಿನಲ್ಲಿ ನಿಲ್ಲಿಸುತ್ತಿದ್ದರು, ಆದ್ದರಿಂದ ಊರ ಹೊರಗಿನ ಮರಗಳ ಗುಂಪಿಗೆ ‘ಗುಂಡು–ತೋಪು’ ಎಂಬ ಹೆಸರು ಬಂತು ಎಂಬುದೇ ಆ ಕಥೆ. ದಸರೆಯ ಜಂಬೂಸವಾರಿಯ ದಿನ 21 ಕುಶಾಲತೋಪು ಹಾರಿಸುವುದನ್ನು ಕೇಳಿ ಬೆಳೆದ ನಮಗೆ, ಅದಕ್ಕೂ ಮೊದಲು ಆನೆ ಕುದುರೆಗಳಿಗೆ ಸದ್ದಿನ ಅಭ್ಯಾಸ ಮಾಡಿಸುವ ತಾಲೀಮನ್ನು ನೋಡಲು ಓಡುತ್ತಿದ್ದ ನಮಗೆ, ತೋಪು ಎಂದ ಕೂಡಲೇ ಮರಕ್ಕಿಂತ ಮೊದಲು ಹೊಗೆ ನೆನಪಾಗುವುದು ಸಹಜ. ಕಥೆ ಚೆನ್ನಾಗಿದೆ, ಆದರೆ ನಿಲ್ಲುವುದಿಲ್ಲ.

ಕನ್ನಡದಲ್ಲಿ ತೋಪು ಎಂಬ ರೂಪದಲ್ಲಿ ಎರಡು ಬೇರೆ ಬೇರೆ ಪದಗಳು ಬಂದು ಕೂಡಿವೆ. ಫಿರಂಗಿ ಎಂಬ ಅರ್ಥದ ತೋಪು ತುರ್ಕಿ ಭಾಷೆಯದು. ಅಲ್ಲಿ ಅದಕ್ಕೆ ಚೆಂಡು ಎಂಬ ಅರ್ಥವೂ ಉಂಟು, ಫಿರಂಗಿ ಎಂಬ ಅರ್ಥವೂ ಉಂಟು. ಪಾರಸಿ, ಹಿಂದೂಸ್ತಾನಿಗಳ ಮೂಲಕ ಅದು ತೋಪುಖಾನೆಯ ಜೊತೆ ನಮ್ಮಲ್ಲಿಗೆ ಬಂತು. ಮರಗಳ ತೋಪು ಇಲ್ಲಿಯದೇ. ತಮಿಳಿನಲ್ಲಿ ತೋಪ್ಪು, ತೆಲುಗಿನಲ್ಲಿ ತೋಪು, ಮಲಯಾಳದಲ್ಲಿ ತೋಪ್ಪ್. ಫಿರಂಗಿಯನ್ನು ನೋಡಿ ಮರಗಳಿಗೆ ಹೆಸರಿಟ್ಟಿದ್ದರೆ ದಕ್ಷಿಣದ ನಾಲ್ಕು ಭಾಷೆಗಳೂ ಒಂದೇ ಬಗೆಯಲ್ಲಿ ಎಡವಬೇಕಾಗಿತ್ತು. ದಕ್ಷಿಣದಲ್ಲಿ ಕೆಲಸ ಮಾಡಿದ ಇಂಗ್ಲಿಷರು ಈ ಪದವನ್ನು ತಮ್ಮ ಭಾಷೆಗೂ ಎತ್ತಿಕೊಂಡು ‘ಟೋಪ್’ ಎಂದು ಬರೆದರು.

ಇನ್ನು ‘ಗುಂಡು’. ಗುಂಡುಮಲ್ಲಿಗೆ, ಗುಂಡುಸೂಜಿ, ಗುಂಡುಕಲ್ಲು ಎನ್ನುವಾಗ ಅದು ದುಂಡು ಎಂಬ ಅರ್ಥವನ್ನೇ ಕೊಡುತ್ತದೆ. ಸಾಲುಮರ ರಸ್ತೆಯ ಉದ್ದಕ್ಕೆ ಸಾಲಾಗಿ ಇದ್ದರೆ, ಗುಂಡುತೋಪು ಒಂದೆಡೆ ದುಂಡಗೆ ಗುಂಪಾಗಿ ಇರುತ್ತದೆ ಎಂಬುದು ನನಗೆ ಒಪ್ಪಿಗೆಯಾಗುವ ವಿವರಣೆ. ತೆಲುಗಿನಲ್ಲಿ ಗುಂಡುಗುತ್ತ ಎಂದರೆ ಬಿಡಿ ಬಿಡಿಯಾಗಿ ಅಲ್ಲದೆ ಒಟ್ಟಾರೆ ಕೊಳ್ಳುವ ಗುತ್ತಿಗೆ. ಅದನ್ನು ಇಟ್ಟುಕೊಂಡು ‘ಗುಂಡು’ ಎಂದರೆ ‘ಒಟ್ಟು ಊರಿನದು’ ಎಂದು ಹೇಳುವವರನ್ನೂ ನಾನು ಕೇಳಿದ್ದೇನೆ. ಊಹೆ ಜಾಣತನದ್ದೇ; ಆದರೂ ಮಲ್ಲಿಗೆಯ ಪಕ್ಕದಲ್ಲಿ ಇಟ್ಟು ನೋಡಿದಾಗ ದುಂಡು ಎಂಬ ಅರ್ಥವೇ ನನಗೆ ಹತ್ತಿರವಾಗಿ ಕಾಣುತ್ತದೆ.

ಯುವಕರು ಚಲನಚಿತ್ರ ಸೋತರೆ ‘ತೋಪಾಯಿತು’ ಎನ್ನುವ ವಿಷಯವನ್ನು ಇಲ್ಲಿ ತರುವುದಿಲ್ಲ. ಅದು ಯಾವ ತೋಪಿನಿಂದ ಬಂತೋ ಆ ನಿರ್ಮಾಪಕರೇ ಬಲ್ಲರು.

ಸರಪಳಿ (ಮಂಡ್ಯ)

ಕಂದಾಯ ಇಲಾಖೆಯ ಭೂಮಾಪನದಲ್ಲಿ ಮೂವತ್ತು ವರ್ಷ ದುಡಿದವನು ನಾನು. ಮೂವತ್ತಮೂರು ಅಡಿಯ ಸರಪಳಿ ಎಳೆದವರಿಗೆ ನೆಲ ಕಾಣುವ ರೀತಿ ಬೇರೆ. ಅಲ್ಲಿ ಮರ ಇದೆಯೋ ಇಲ್ಲವೋ ಎಂಬುದು ಎರಡನೆಯ ಮಾತು, ಆ ನೆಲ ಯಾವುದಕ್ಕಾಗಿ ಬಿಟ್ಟದ್ದು ಎಂಬುದು ಮೊದಲನೆಯ ಮಾತು.

ಪಹಣಿಯ ವಿಸ್ತೀರ್ಣದ ಅಂಕಣದಲ್ಲಿ ಖರಾಬು, ಎಂದರೆ ಸಾಗುವಳಿಯ ಲೆಕ್ಕಕ್ಕೆ ಸೇರದ ನೆಲ, ಎರಡು ಬಗೆಯಾಗಿ ಇರುವುದನ್ನು ತಾವೆಲ್ಲ ನೋಡಿರುತ್ತೀರಿ. ‘ಅ’ ಖರಾಬು ಎಂದರೆ ಬಂಡೆ, ಕೊರಕಲು ಮುಂತಾದ, ಉಳಲು ಬಾರದ ನೆಲ. ‘ಬ’ ಖರಾಬು ಎಂದರೆ ರಸ್ತೆ, ಹಳ್ಳ, ಸ್ಮಶಾನ ಮೊದಲಾಗಿ ಸಾರ್ವಜನಿಕ ಉಪಯೋಗಕ್ಕೆ ಬಿಟ್ಟ ನೆಲ. ಗುಂಡುತೋಪು ಈ ಎರಡನೆಯ ಜಾತಿಗೆ ಸೇರಿದ್ದು. ಅಂದರೆ ಸರ್ಕಾರದ ಪುಸ್ತಕದಲ್ಲಿ ಗುಂಡುತೋಪಿನ ನೆಂಟರು ಕಾಡು, ಅಡವಿಗಳಲ್ಲ. ದಾರಿ, ಕೆರೆ, ಸುಡುಗಾಡು, ಗೋಮಾಳ. ಗೋಮಾಳಕ್ಕೆ ನೂರು ದನಕ್ಕೆ ಹನ್ನೆರಡು ಹೆಕ್ಟೇರ್, ಎಂದರೆ ಸುಮಾರು ಮೂವತ್ತು ಎಕರೆ, ಬಿಡಬೇಕೆಂದು 1966ರ ಭೂಕಂದಾಯ ನಿಯಮಗಳಲ್ಲಿ ಲೆಕ್ಕವಿದೆ. ಗುಂಡುತೋಪಿಗೆ ಅಂಥ ಅಳತೆಗೋಲನ್ನು ಯಾರೂ ಕೇಳುವುದಿಲ್ಲ, ಮರ ಎಷ್ಟಿರಬೇಕೆಂದೂ ಕೇಳುವುದಿಲ್ಲ. ಆದ್ದರಿಂದ ಮರ ಹೋದರೂ ಹೆಸರು ಹೋಗುವುದಿಲ್ಲ. ಕೆರೆ ಬತ್ತಿದರೂ ಅದು ಕೆರೆಯಂಗಳವೇ ಆಗಿರುವ ಹಾಗೆ.

ಇದೇ ದಾಖಲೆಗಳಲ್ಲಿ ‘ವನ’ ಎಂಬ ಪದಕ್ಕೂ ಒಂದು ಪಾಡು ಉಂಟು. ಹಳೆಯ ಮೈಸೂರು ಸೀಮೆಯ ದಾಖಲೆಗಳಲ್ಲಿ ‘ಸೇಂದಿವನ’ ಎಂದು ಬರೆದಿರುವ ಎಷ್ಟೋ ಸರ್ವೆ ನಂಬರುಗಳಿವೆ. ಹೆಂಡ ಇಳಿಸಲು ಈಚಲು ಮರಗಳನ್ನು ಕಾಯ್ದಿಟ್ಟ ಜಾಗ ಅದು. ಅಧ್ಯಾಪಕರಿಗೆ ವನ ಎಂದರೆ ಋಷ್ಯಾಶ್ರಮ ನೆನಪಾಗಿರಬಹುದು. ನನ್ನಂಥವನಿಗೆ ಮೊದಲು ನೆನಪಾಗುವುದು ಅಬಕಾರಿ. ಹುಡುಗರು ‘ವನ’ ಎಂದು ಬರೆಸುವುದಿದ್ದರೆ ಇದನ್ನೂ ತಿಳಿದುಕೊಂಡಿರಲಿ.

ಅಡಿಕೆತೋಟ

ಸರಪಳಿಯವರ ಮಾತು ನನಗೆ ಬಹಳ ಹಿಡಿಸಿತು. ನಾನು ಶಿರಸಿ ಸೀಮೆಯವನು. ಮೈಸೂರಿಗೆ ಬಂದು ಇಪ್ಪತ್ತು ವರ್ಷಗಳಾದವು. ಬಂದ ಹೊಸದರಲ್ಲಿ ‘ಬೆಟ್ಟ’ ಎಂಬ ಪದದಿಂದ ಒದ್ದಾಡಿದ್ದೇನೆ. ನಮ್ಮ ಕಡೆ ಬೆಟ್ಟಕ್ಕೆ ಹೋಗುವುದು ಎಂದರೆ ಎತ್ತರ ಹತ್ತುವುದಲ್ಲ, ಸೊಪ್ಪು ತರಲು ಮರಗಳಿರುವಲ್ಲಿಗೆ ಹೋಗುವುದು. ಅಡಿಕೆ ತೋಟಕ್ಕೆ ಗೊಬ್ಬರದ ಸೊಪ್ಪು ತರಲು ಬಿಟ್ಟುಕೊಟ್ಟ ಕಾಡಿಗೆ ಸೊಪ್ಪಿನಬೆಟ್ಟ ಎಂದೇ ಹೆಸರು. ಅದು ಸಮತಟ್ಟಾಗಿದ್ದರೂ ಬೆಟ್ಟವೇ. ಇಲ್ಲಿ ಒಬ್ಬರು ‘ಬೆಟ್ಟಕ್ಕೆ ಹೋಗಿ ಬಂದೆ’ ಎಂದಾಗ ಸೊಪ್ಪು ಎಲ್ಲಿ ಎಂದು ನಾನು ಹುಡುಕಿದ್ದೆ. ಅವರು ಚಾಮುಂಡಿಯ ಕುಂಕುಮ ಕೊಟ್ಟರು.

ಹಾಗೆಯೇ ‘ಕಾನು’. ಎಲೆಯುದುರದ, ಒಳಗೆ ಕತ್ತಲೆ ಹಿಡಿದ, ಕಾಳುಮೆಣಸಿನ ಬಳ್ಳಿ ಹಬ್ಬಿದ ದಟ್ಟ ಕಾಡಿಗೆ ಮಾತ್ರ ನಮ್ಮಲ್ಲಿ ಕಾನು ಎನ್ನುತ್ತಾರೆ. ಎಲ್ಲ ಕಾಡೂ ಕಾನಲ್ಲ. ಅಂದರೆ ಮರಗಳ ಬಗೆಯನ್ನೇ ನೋಡಿ ಇಟ್ಟ ಹೆಸರುಗಳೂ ಕನ್ನಡದಲ್ಲಿ ಇಲ್ಲದಿಲ್ಲ. ಎಲ್ಲ ಪದಗಳೂ ಉಪಯೋಗದಿಂದಲೇ ಬಂದವು ಎಂದು ಹೇಳಿಬಿಟ್ಟರೆ ಕಾನಿಗೆ ಅನ್ಯಾಯವಾಗುತ್ತದೆ.

ಇನ್ನೊಂದು ಪದ ‘ಹಾಡಿ’. ಕುಂದಾಪುರದ ಕಡೆಯವರಿಗೆ ಅದು ಮನೆಯ ಆಸುಪಾಸಿನ ಸಣ್ಣ ಕಾಡು.

ಕಬಿನಿತೀರ (ಹೆಗ್ಗಡದೇವನಕೋಟೆ)

ಹಾಡಿ ಎಂಬ ಪದ ಬಂದದ್ದರಿಂದ ನಾನು ಬರೆಯಲೇಬೇಕಾಯಿತು. ನಮ್ಮ ತಾಲ್ಲೂಕಿನಲ್ಲಿ ಹಾಡಿ ಎಂದರೆ ಮರಗಳಲ್ಲ, ಮನೆಗಳು. ಜೇನುಕುರುಬರು, ಬೆಟ್ಟಕುರುಬರು ವಾಸಿಸುವ ಊರೇ ಹಾಡಿ. ಕರಾವಳಿಯವರು ‘ಹಾಡಿಯನ್ನು ಕಡಿದರು’ ಎಂದರೆ ಅವರಿಗೆ ಮರ ಹೋಯಿತೆಂಬ ಬೇಸರ; ಆ ವಾಕ್ಯವನ್ನು ನಾನು ನಮ್ಮ ಶಾಲೆಯಲ್ಲಿ ಓದಿದರೆ ಮಕ್ಕಳು ಗಾಬರಿಯಾಗುತ್ತಾರೆ. ಒಂದೇ ಪದ ಒಂದೆಡೆ ಮರಗಳ ಹೆಸರಾಗಿ, ಇನ್ನೊಂದೆಡೆ ಮರಗಳ ನಡುವೆ ಬದುಕುವವರ ಊರಿನ ಹೆಸರಾಗಿ ನಿಂತಿರುವುದನ್ನು ನೋಡಿದರೆ, ಕಾಡು ಬೇರೆ ಊರು ಬೇರೆ ಎಂಬ ಎಣಿಕೆ ಎಲ್ಲರದೂ ಅಲ್ಲ ಎಂದು ತೋರುತ್ತದೆ.

ನಾಲೆಬದಿಯ ಹಿರಿಯರ ಹೆದರಿಕೆಯನ್ನು ನಗುವ ವಿಷಯವಾಗಿ ದಯವಿಟ್ಟು ತೆಗೆದುಕೊಳ್ಳಬೇಡಿ. ಇಲ್ಲಿ ನಾನು ನಿತ್ಯವೂ ಕೇಳುವ ವ್ಯತ್ಯಾಸವೊಂದಿದೆ. ಹಾಡಿಯ ಅಜ್ಜಿಯರು ಜೇನು, ಗೆಣಸು, ದೇವರು, ಸತ್ತ ಹಿರಿಯರು ಇವುಗಳ ಮಾತು ಬಂದಾಗ ‘ಕಾಡು’ ಎನ್ನುತ್ತಾರೆ. ಗೇಟು, ಚೀಟಿ, ಕೇಸು ಇವುಗಳ ಮಾತು ಬಂದಾಗ ‘ಫಾರೆಸ್ಟು’ ಎನ್ನುತ್ತಾರೆ. ನೆಲ ಒಂದೇ. 2006ರ ಅರಣ್ಯ ಹಕ್ಕು ಕಾಯ್ದೆಯ ಅರ್ಜಿಗಳನ್ನು ತುಂಬಿಸಿಕೊಡುವಾಗ ‘ಅರಣ್ಯ’ ಎಂಬ ಮೂರನೆಯ ಪದವನ್ನು ನಾನು ಅವರಿಗೆ ಬಿಡಿಸಿ ಹೇಳಬೇಕಾಗುತ್ತದೆ. ಕಾಕನಕೋಟೆಯಲ್ಲಿ ಆನೆ ಹಿಡಿಯುತ್ತಿದ್ದ ಖೆಡ್ಡಾಗಳ ಕಾಲದಿಂದ ಕಬಿನಿ ಅಣೆಕಟ್ಟೆಯವರೆಗೆ, ಅಲ್ಲಿಂದ ಹುಲಿ ಯೋಜನೆಯವರೆಗೆ, ಈ ನೆಲಕ್ಕೆ ಬಂದ ಪ್ರತಿಯೊಂದು ಹೊಸ ಹೆಸರಿನ ಜೊತೆಗೂ ಹೊಸ ನಿಯಮ ಬಂದಿದೆ. ಫಲಕದ ಮೇಲಿನ ಪದ ಬದಲಾದರೆ ಏನಾಗುತ್ತದೆ ಎಂದು ಕೇಳುವವರು ಒಮ್ಮೆ ಇಲ್ಲಿಗೆ ಬಂದು ಕೇಳಬೇಕು.

ಅಕ್ಷರಕೂಲಿ (ಮೈಸೂರು)

ಅನುವಾದ ಮಾಡಿ ಹೊಟ್ಟೆ ಹೊರೆಯುವವನು ನಾನು. ‘ಗ್ರಾಮ ಅರಣ್ಯ’ ಎಂಬ ಜೋಡಿಪದವನ್ನು ನೋಡಿ ನನಗೆ ನಗು ಬಂದದ್ದು ಬೇರೆ ಕಾರಣಕ್ಕೆ. ಅರಣ್ಯ ಎಂಬ ಸಂಸ್ಕೃತ ಪದದ ಮೂಲದಲ್ಲಿ ಮರವೇ ಇಲ್ಲ. ‘ಅರಣ’ ಎಂದರೆ ದೂರದ್ದು, ಪರಕೀಯವಾದದ್ದು. ಅಂಥ ನೆಲವೇ ಅರಣ್ಯ. ವೇದಗಳ ಕಾಲದಿಂದಲೂ ಅದು ಗ್ರಾಮಕ್ಕೆ ಎದುರಾದ ಪದ. ಪಶುಗಳಲ್ಲಿ ಗ್ರಾಮ್ಯ, ಆರಣ್ಯ ಎಂಬ ಎರಡು ಬಗೆ. ಹಾಗಾಗಿ ಗ್ರಾಮ ಅರಣ್ಯ ಎಂದರೆ ಬೇರಿನ ಅರ್ಥದಲ್ಲಿ ‘ಊರೊಳಗಿನ ಹೊರಗು’ ಎಂದಾಗುತ್ತದೆ. ಇಂಗ್ಲಿಷಿನ ಫಾರೆಸ್ಟ್ ಪದವೂ ಹೊರಗೆ ಎಂಬ ಅರ್ಥದ ಲ್ಯಾಟಿನ್ ಮೂಲದಿಂದಲೇ ಬಂದದ್ದು. ಒಂದಕ್ಕೊಂದು ಸಂಬಂಧವಿಲ್ಲದ ಎರಡು ಪದಗಳು ಒಂದೇ ಬೇಲಿಯ ಆಚೆಗೆ ಬೆರಳು ತೋರಿಸುತ್ತಿವೆ.

ಜಂಗಲ್ ಎಂಬ ಪದದ ಕಥೆ ಇನ್ನೂ ವಿಚಿತ್ರ. ಅದರ ಮೂಲವಾದ ‘ಜಾಂಗಲ’ಕ್ಕೆ ದಟ್ಟ ಕಾಡು ಎಂಬ ಅರ್ಥವಿರಲಿಲ್ಲ. ಆಯುರ್ವೇದದಲ್ಲಿ ನೀರು ನಿಲ್ಲುವ, ತೇವದ ನಾಡು ‘ಆನೂಪ’. ಒಣಗಿದ, ವಿರಳವಾಗಿ ಮರಗಳಿರುವ, ಆರೋಗ್ಯಕ್ಕೆ ಹಿತವಾದ ಬಯಲು ನಾಡು ‘ಜಾಂಗಲ’. ಆ ಲೆಕ್ಕದಲ್ಲಿ ನೋಡಿದರೆ ಮೇಲುಕೋಟೆಯ ಸುತ್ತಲಿನ ಕುರುಚಲು ನೆಲ ಜಾಂಗಲ. ಕಬ್ಬು, ಬತ್ತ ಬೆಳೆಯುವ ನಾಲೆಬಯಲು ಆನೂಪ. ಇಂದು ಅದೇ ಪದ ಇಂಗ್ಲಿಷಿಗೆ ಹೋಗಿ, ಮಳೆಕಾಡಿನ ಹೆಸರಾಗಿ ನಮಗೇ ಹಿಂತಿರುಗಿದೆ.

ಅಚ್ಚಕನ್ನಡದ ‘ಕಾಡು’ ಏನು ಹೇಳುತ್ತದೆ ಎಂದು ನೋಡಿ. ಸುಡುಗಾಡು ಎಂಬುದರಲ್ಲಿ ಇರುವುದೂ ಅದೇ ಕಾಡು. ‘ಊರು ಹೋಗು ಅನ್ನುತ್ತೆ, ಕಾಡು ಬಾ ಅನ್ನುತ್ತೆ’ ಎಂದು ಮುದುಕರು ಹೇಳಿಕೊಳ್ಳುವಾಗ ಆ ಕಾಡಿನಲ್ಲಿ ಹುಲಿಯೂ ಇಲ್ಲ, ಮರವೂ ಇಲ್ಲ; ಊರಿಗೆ ಸೇರದ ನೆಲ ಅಷ್ಟೆ. ಗಡಿಯಾಚೆ ಈರೋಡು, ಕೊಯಮತ್ತೂರು ಕಡೆಯ ತಮಿಳಿನಲ್ಲಿ ಮಳೆ ನಂಬಿದ ಹೊಲಕ್ಕೇ ಕಾಡು ಎನ್ನುತ್ತಾರೆ. ಆದ್ದರಿಂದ ನಾಲೆಬದಿಯವರ ಮೊದಲ ಪ್ರಶ್ನೆಗೆ ನನ್ನ ಉತ್ತರ: ಕಾಡು, ಅರಣ್ಯ ಇವು ಮರಗಳ ಎಣಿಕೆಯಿಂದ ಹುಟ್ಟಿದ ಪದಗಳಲ್ಲ, ಊರಿನಿಂದ ಎಷ್ಟು ಹೊರಗೆ ಎಂಬುದರಿಂದ ಹುಟ್ಟಿದ ಪದಗಳು. ತೋಪು ಹೊರಗಿನದಲ್ಲ. ಅದನ್ನು ಯಾರೋ ನೆಟ್ಟಿದ್ದಾರೆ.

ನಾಗಮಂಗಲಸೀಮೆ

ಇಷ್ಟು ಹೊತ್ತು ಓದುತ್ತಾ ಇದ್ದೆ. ಒಂದು ಕಡೆ ನನ್ನ ತಕರಾರಿದೆ. ಮಾತು ಸಾಗುತ್ತಿರುವ ದಿಕ್ಕು ನೋಡಿದರೆ ತೋಪು ಎಂದರೆ ಊರೊಟ್ಟಿನದು ಎಂದು ತೀರ್ಮಾನವಾಗುವಂತಿದೆ. ಆದರೆ ನಮ್ಮ ಮನೆಗೆ ಸೇರಿದ ಮಾವಿನ ತೋಪಿದೆ. ಅದು ನನ್ನ ತಂದೆಯವರು ಸ್ವಂತ ಹೊಲದಲ್ಲಿ ನೆಟ್ಟದ್ದು. ಪಕ್ಕದವರದು ನೀಲಗಿರಿ ತೋಪು, ಅವರಾಚೆಯವರದು ಸರ್ವೆ ಮರದ ತೋಪು. ಯಾವುದೂ ಊರಿನದಲ್ಲ, ಎಲ್ಲವೂ ತೋಪೇ. ಅದೇ ಹಾದಿಯಲ್ಲಿ ತೆಂಗು ಇದ್ದರೆ ನಾವು ತೆಂಗಿನ ತೋಟ ಎನ್ನುತ್ತೇವೆಯೇ ಹೊರತು ತೋಪು ಎನ್ನುವುದು ಅಪರೂಪ. ಅಡಿಕೆ, ಬಾಳೆ, ವೀಳ್ಯದೆಲೆ ಇವಂತೂ ತೋಟವೇ.

ಇದರ ಗುಟ್ಟು ಗುದ್ದಲಿಯಲ್ಲಿದೆ ಎಂಬುದು ನನ್ನ ಅಭಿಪ್ರಾಯ. ತೋಟಕ್ಕೆ ನೀರು ಕಟ್ಟಬೇಕು, ಪಾತಿ ಮಾಡಬೇಕು, ವರ್ಷಕ್ಕೆ ಎರಡು ಸಲವಾದರೂ ಬುಡ ಅಗೆಯಬೇಕು. ಬೆಳಗಾದರೆ ಅಲ್ಲಿ ಕೆಲಸವಿದೆ. ತೋಪಿಗೆ ಮೊದಲ ಮೂರು ಬೇಸಿಗೆ ಬಿಂದಿಗೆಯಲ್ಲಿ ನೀರು ಹೊತ್ತು ಹಾಕಿ, ದನದ ಬಾಯಿಗೆ ಸಿಗದಂತೆ ಮುಳ್ಳು ಕಟ್ಟಿದರೆ ಆಯಿತು, ಆಮೇಲೆ ಅದರ ಪಾಡಿಗೆ ಅದು ಬೆಳೆಯುತ್ತದೆ. ನೆಟ್ಟದ್ದು, ಆದರೆ ಮೇಲೆ ಬಿದ್ದು ಸಾಕದೆ ಬಿಟ್ಟದ್ದು ತೋಪು. ನೆಟ್ಟು ದಿನವೂ ಸಾಕುವುದು ತೋಟ. ನೆಡದೆಯೇ ಬಂದದ್ದು ಕಾಡು. ನಮ್ಮ ಸೀಮೆಯಲ್ಲಿ ನಾಲೆಯ ನೀರು ಕಡಿಮೆ, ಮಳೆಯೇ ದಿಕ್ಕು. ಅದಕ್ಕೇ ಇಲ್ಲಿ ತೋಪುಗಳು ಹೆಚ್ಚು, ತೋಟಗಳು ಕೊಳವೆಬಾವಿ ಬಂದ ಮೇಲಿನವು. ಮರಗಳು ಒತ್ತೊತ್ತಾಗಿವೆಯೇ ಎಂದು ನೋಡಿ ಯಾರೂ ತೋಪು ಎಂದು ಕರೆದದ್ದಲ್ಲ.

ಹಳೇಮೈಸೂರು

ನಾಗಮಂಗಲಸೀಮೆಯವರು ನಿಘಂಟಿಗೆ ಸೇರಿಸಬೇಕಾದಂಥ ಮಾತು ಹೇಳಿದ್ದಾರೆ. ತೋಟ, ತೋಪು ಎರಡೂ ಒಂದೇ ಬುಡದಿಂದ ಒಡೆದ ಕೊಂಬೆಗಳ ಹಾಗೆ ಕಾಣುತ್ತವೆ. ಒಂದು ಕೊಂಬೆ ನೀರಿನ ಕಡೆಗೆ ಬಾಗಿತು, ಇನ್ನೊಂದು ನೆರಳಿನ ಕಡೆಗೆ. ನನ್ನ ಕಡೆಯಿಂದ ಒಂದು ತಿದ್ದುಪಡಿ: ಊರೊಟ್ಟಿನದು ಎಂಬ ಅರ್ಥವನ್ನು ಹೊರುವುದು ‘ತೋಪು’ ಅಲ್ಲ, ‘ಗುಂಡುತೋಪು’ ಎಂಬ ಇಡೀ ಪದ. ನಮ್ಮ ಮನೆಯ ಮಾವಿನ ತೋಪು ಎಂದು ಯಾರೂ ಹೇಳಬಹುದು, ನಮ್ಮ ಮನೆಯ ಗುಂಡುತೋಪು ಎಂದು ಹೇಳುವವರನ್ನು ನಾನು ಕೇಳಿಲ್ಲ. ಹಾಗೆ ಹೇಳಿದವರಿದ್ದರೆ ಸರಪಳಿಯವರು ಅವರ ಮನೆಗೆ ಹೋಗಿ ಅಳತೆ ಮಾಡಬೇಕಾಗುತ್ತದೆ.

ಬನ ಎಂಬ ಪದ ಚರ್ಚೆಯಲ್ಲಿ ಬಿಟ್ಟುಹೋಗಿದೆ. ಅದು ವನದ ತದ್ಭವವೇ ಆದರೂ ಬಾಳು ಬೇರೆಯಾಯಿತು. ವನ ಗ್ರಂಥಗಳಲ್ಲಿ ಉಳಿಯಿತು, ಬನ ದೇವರ ಬಳಿ ಉಳಿಯಿತು. ದೇವರ ಬನದಲ್ಲಿ ಮರ ಕಡಿಯುವಂತಿಲ್ಲ, ಬನದ ಹುಣ್ಣಿಮೆಯ ದಿನ ಬನಶಂಕರಿಯ ಪೂಜೆ. ಫಲಕಕ್ಕೆ ಬನ ಒಗ್ಗುವುದಿಲ್ಲ. ಬನ ಎಂದು ಬರೆದ ಮೇಲೆ ಅಲ್ಲಿ ಹುಣಸೆ ಬಡಿಯಲು ಯಾರಿಗೂ ಮನಸ್ಸು ಬಾರದು.

ನಾಲೆಬದಿ (ಪಾಂಡವಪುರ)

ತಮ್ಮೆಲ್ಲರಿಗೂ ಕೃತಜ್ಞನಾಗಿದ್ದೇನೆ. ಹುಣಸೆಯ ಮಾತು ಬಂದದ್ದರಿಂದ ಹೇಳುತ್ತೇನೆ: ಉಳಿದಿರುವ ಆ ಒಂದು ಮರದ ಫಸಲನ್ನು ಈಗಲೂ ಪ್ರತಿವರ್ಷ ಹರಾಜು ಹಾಕುತ್ತಾರೆ, ಹಣ ಊರಹಬ್ಬದ ಖರ್ಚಿಗೆ ಹೋಗುತ್ತದೆ. ಮರದ ಹಣ್ಣಿಗೆ ಹರಾಜು, ನೆರಳಿಗೆ ಹರಾಜಿಲ್ಲ.

ಹುಡುಗರಿಗೆ ಇದನ್ನೆಲ್ಲ ಓದಿ ಹೇಳಿದೆ. ಅವರ ಮುಖಂಡನ ವಾದ ಹೀಗಿದೆ: ‘ಗುಂಡುತೋಪು’ ಹಳೆಯ ಪದ, ಯಾರಿಗೂ ಅರ್ಥವಾಗುವುದಿಲ್ಲ, ‘ಅರಣ್ಯ’ ಎಂದರೆ ಗೌರವ, ಅನುದಾನವೂ ಬರಬಹುದು, ಅಷ್ಟಕ್ಕೂ ಉಪಗ್ರಹದಿಂದ ನೋಡಿದರೆ ನಮ್ಮ ಜಾಗವೂ ಅರಣ್ಯವೆಂದೇ ಲೆಕ್ಕಕ್ಕೆ ಸೇರುತ್ತದಂತೆ. ಇದರಲ್ಲಿ ನಿಜವೆಷ್ಟು?

ಅಕ್ಷರಕೂಲಿ (ಮೈಸೂರು)

ಉಪಗ್ರಹದ ಮಾತಿನಲ್ಲಿ ಅರ್ಧ ನಿಜವಿದೆ. ಉಳಿದರ್ಧದಲ್ಲಿ ನಿಮ್ಮ ಜಾಗವೇ ಬಿಟ್ಟುಹೋಗುತ್ತದೆ. ಭಾರತೀಯ ಅರಣ್ಯ ಸರ್ವೇಕ್ಷಣ ಸಂಸ್ಥೆಯ ವರದಿಗಳಲ್ಲಿ ‘ಅರಣ್ಯ ಹೊದಿಕೆ’ ಎಂದರೆ ಒಂದು ಹೆಕ್ಟೇರ್‌ಗಿಂತ ಕಡಿಮೆಯಿಲ್ಲದ, ಶೇಕಡ 10ಕ್ಕಿಂತ ಹೆಚ್ಚು ಭಾಗವನ್ನು ಮರಗಳ ನೆತ್ತಿ ಮುಚ್ಚಿರುವ ಯಾವುದೇ ನೆಲ. ಅದು ಯಾರ ಸ್ವತ್ತು, ಕಾನೂನಿನಲ್ಲಿ ಏನು, ಮರ ಯಾವುದು ಎಂದು ಅಲ್ಲಿ ನೋಡುವುದಿಲ್ಲ. ಆದ್ದರಿಂದ ಮಂಡ್ಯದ ಮೂರು ಎಕರೆಯ ತೆಂಗಿನ ತೋಟವೊಂದು ಆ ನಕ್ಷೆಯಲ್ಲಿ ಹಸಿರು ಚುಕ್ಕೆಯಾಗಿ ಬರಬಹುದು. ಎರಡು ಎಕರೆ ಹತ್ತು ಗುಂಟೆ ಎಂದರೆ ಸುಮಾರು 0.91 ಹೆಕ್ಟೇರ್. ತಾವು ಅಲ್ಲಿ ಎಷ್ಟೇ ಒತ್ತಾಗಿ ನೆಟ್ಟರೂ ಆ ಜಾಗವೊಂದೇ ಆ ಅಳತೆಯನ್ನು ಮುಟ್ಟುವುದಿಲ್ಲ. ಪಕ್ಕದವರ ತೆಂಗು ಅರಣ್ಯದ ಲೆಕ್ಕಕ್ಕೆ, ತಮ್ಮ ತೋಪು ಲೆಕ್ಕದ ಹೊರಗೆ! ಪದದ ಅರ್ಥವನ್ನು ಆಕಾಶದಿಂದ ನಿರ್ಧರಿಸಿದಾಗ ಇಂಥದ್ದು ಆಗುತ್ತದೆ.

ಆದರೆ ಕಾನೂನಿನಲ್ಲಿ ಅರಣ್ಯ ಎಂಬ ಪದ ಹಗುರವಾದದ್ದಲ್ಲ. 1996ರ ಡಿಸೆಂಬರ್ 12ರಂದು ಗೋದಾವರ್ಮನ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್, ಅರಣ್ಯ ಎಂಬ ಪದವನ್ನು ನಿಘಂಟಿನ ಅರ್ಥದಲ್ಲೇ ತೆಗೆದುಕೊಳ್ಳಬೇಕು, ಒಡೆತನ ಯಾರದ್ದೇ ಆಗಿರಲಿ ಸರ್ಕಾರಿ ದಾಖಲೆಯಲ್ಲಿ ಅರಣ್ಯ ಎಂದು ನಮೂದಾದ ನೆಲಕ್ಕೂ 1980ರ ಅರಣ್ಯ ಸಂರಕ್ಷಣಾ ಕಾಯ್ದೆ ಅನ್ವಯಿಸುತ್ತದೆ ಎಂದು ಹೇಳಿತು. ದೇಶದ ಅತ್ಯುನ್ನತ ನ್ಯಾಯಾಲಯ ಒಂದು ಪದಕ್ಕಾಗಿ ನಿಘಂಟಿನ ಕಡೆಗೆ ಬೆರಳು ತೋರಿಸಿದ್ದು ನಮ್ಮಂಥವರಿಗೆ ಹೆಮ್ಮೆಯೇ; ಆದರೆ ಯಾವ ನಿಘಂಟು ಎಂಬ ಪ್ರಶ್ನೆ ಉಳಿಯಿತು. ಕರ್ನಾಟಕದಲ್ಲಿ ‘ಪರಿಭಾವಿತ ಅರಣ್ಯ’ (ಅಧಿಸೂಚನೆ ಆಗದಿದ್ದರೂ ಅರಣ್ಯವೆಂದು ಪರಿಗಣಿಸಿದ ನೆಲ) ಎಂಬ ಪಟ್ಟಿಯು ಮೊದಲು ಸುಮಾರು 9.94 ಲಕ್ಷ ಹೆಕ್ಟೇರ್ ಇದ್ದು, 2022ರಲ್ಲಿ 3.30 ಲಕ್ಷ ಹೆಕ್ಟೇರಿಗೆ ಇಳಿಯಿತು. ನಡುವಿನ ಸುಮಾರು ಆರೂವರೆ ಲಕ್ಷ ಹೆಕ್ಟೇರಿನಲ್ಲಿ ಮರಗಳು ಒಂದೇ ರಾತ್ರಿಯಲ್ಲಿ ಹುಟ್ಟಿದ್ದೂ ಇಲ್ಲ, ಸತ್ತದ್ದೂ ಇಲ್ಲ.

ಸರಪಳಿ (ಮಂಡ್ಯ)

ಕಾನೂನಿನ ಮಾತಿಗೆ ನನ್ನದೊಂದು ಸೇರಿಕೆ. ‘ಗ್ರಾಮ ಅರಣ್ಯ’ ಎಂಬುದು ಹುಡುಗರು ಹೊಸದಾಗಿ ಕಟ್ಟಿದ ಪದವಲ್ಲ. 1963ರ ಕರ್ನಾಟಕ ಅರಣ್ಯ ಕಾಯ್ದೆಯಲ್ಲಿ ಆ ಹೆಸರಿನದೇ ಒಂದು ಬಗೆಯ ಅರಣ್ಯಕ್ಕೆ ಅವಕಾಶವಿದೆ. ಅದು ಅಧಿಸೂಚನೆಯಿಂದ ಆಗತಕ್ಕದ್ದು, ಫಲಕದಿಂದಲ್ಲ. ಫಲಕ ಸರ್ಕಾರಿ ದಾಖಲೆಯೂ ಅಲ್ಲ. ಆದ್ದರಿಂದ ಹಿರಿಯರು ಹೆದರಿದಂತೆ ಬಣ್ಣದ ಅಕ್ಷರದಿಂದಲೇ ದನಗಳಿಗೆ ತಡೆ ಬರುವುದಿಲ್ಲ. ಆದರೆ ಗ್ರಾಮಸಭೆಯ ನಡಾವಳಿಯಲ್ಲೂ, ಅನುದಾನದ ಅರ್ಜಿಯಲ್ಲೂ ಅದೇ ಪದ ಬರೆಯುತ್ತಾ ಹೋದರೆ, ಹತ್ತು ವರ್ಷದ ಮೇಲೆ ಕಾಗದಗಳನ್ನು ಜೋಡಿಸುವವರಿಗೆ ಪಹಣಿಯ ಜಾಗ ಒಂದು, ನಡಾವಳಿಯ ಜಾಗ ಇನ್ನೊಂದು ಎಂದು ಕಾಣುತ್ತದೆ. ಒತ್ತುವರಿ ಮಾಡುವವರು ಕಾಯುವುದು ಇಂಥ ಗೊಂದಲವನ್ನೇ.

ನನ್ನ ಸೇವೆಯಲ್ಲಿ ಒಂದು ತಾಲ್ಲೂಕಿನಲ್ಲಿ ಹೀಗಾಯಿತು. ಊರಿನವರೆಲ್ಲ ‘ಸಂತೆಮಾಳ’ ಎಂದು ಕರೆಯುತ್ತಿದ್ದ ಜಾಗವನ್ನು ಒಬ್ಬರು ತಮ್ಮದೆಂದು ಬೇಲಿ ಹಾಕಿದರು. ಸಂತೆಮಾಳ ಎಂಬ ಹೆಸರು ಯಾವ ದಾಖಲೆಯಲ್ಲೂ ಸಿಗಲಿಲ್ಲ. ಮೂಲ ಟಿಪ್ಪಣಿ, ಆಕಾರಬಂದು ಎಂಬ ಹಳೆಯ ಅಳತೆ ದಾಖಲೆಗಳನ್ನು ತೆಗೆದು ನೋಡಿದಾಗ ಅದು ಗುಂಡುತೋಪು ಎಂದಿತ್ತು; ಅಲ್ಲಿ ಒಂದೇ ಒಂದು ಮರವೂ ಇರಲಿಲ್ಲ. ಆ ಒಂದು ಪದದ ಮೇಲೆ ಬೇಲಿ ತೆಗೆಸಿದೆವು. 2011ರ ಜನವರಿಯಲ್ಲಿ ಜಗಪಾಲ್ ಸಿಂಗ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಊರೊಟ್ಟಿನ ಜಾಗಗಳ ಒತ್ತುವರಿ ತೆರವು ಮಾಡಿಸಬೇಕೆಂದು ಎಲ್ಲ ರಾಜ್ಯಗಳಿಗೂ ಹೇಳಿದ ಮೇಲೆ ಇಂಥ ಪದಗಳ ಬೆಲೆ ಇನ್ನೂ ಹೆಚ್ಚಾಗಿದೆ. ಮರವಿಲ್ಲದ ತೋಪು ಸುಳ್ಳು ಎಂದು ನಕ್ಕವರಿಗೆ ಇದನ್ನು ತಿಳಿಸಿ.

ಕಬಿನಿತೀರ (ಹೆಗ್ಗಡದೇವನಕೋಟೆ)

ಸರಪಳಿಯವರ ಅನುಭವವನ್ನು ಗೌರವಿಸುತ್ತಲೇ ಒಂದು ಮಾತು. ಹೆಸರು ನೆಲವನ್ನು ಉಳಿಸಿತು, ಸರಿ. ಆದರೆ ಹೆಸರು ಭದ್ರವಾಗಿ ಕೂತಿದೆ ಎಂಬ ನೆಮ್ಮದಿಯಲ್ಲೇ ಮರಗಳು ಒಂದೊಂದಾಗಿ ಹೋಗಿರಲಿಕ್ಕೂ ಸಾಕು. ದಾಖಲೆಯಲ್ಲಿ ತೋಪು ಇರುವಾಗ ಮರ ಎಲ್ಲಿ ಎಂದು ಕೇಳಬೇಕಾದ ಕೆಲಸ ಯಾರದ್ದೂ ಆಗಲಿಲ್ಲ. ಆದ್ದರಿಂದ ಪದದ ಅರ್ಥದಿಂದ ಮರವನ್ನು ಪೂರ್ತಿ ಹೊರಗಿಡುವುದನ್ನು ನಾನು ಒಪ್ಪಲಾರೆ. ಕೆರೆಯಂಗಳ ಎಂಬ ಪದ ಇರುವ ಹಾಗೆ ಮರ ಹೋದ ತೋಪಿಗೆ ಬೇರೆ ಪದ ನಮ್ಮಲ್ಲಿಲ್ಲ. ಇದ್ದಿದ್ದರೆ ಹೋದದ್ದು ಕಣ್ಣಿಗೆ ಬೀಳುತ್ತಿತ್ತು.

ನಾಗಮಂಗಲಸೀಮೆ

ಕಬಿನಿತೀರದ ಮೇಡಂ ಹೇಳಿದ್ದು ಸರಿ. ನಾಲೆಬದಿಯವರೇ, ನೆಡುವುದು ಏನೆಂದು ತಾವು ಹೇಳಲೇ ಇಲ್ಲ. ಬೇಗ ಬರುತ್ತದೆಂದು ನೀಲಗಿರಿ ನೆಟ್ಟರೆ ಅದು ತೋಪೇ ಆಗುತ್ತದೆ, ಆದರೆ ಗುಂಡುತೋಪು ಆಗುವುದಿಲ್ಲ. ಅದರ ಅಡಿಯಲ್ಲಿ ಯಾರೂ ಕೂರುವುದಿಲ್ಲ, ಹಣ್ಣಿಗೆ ಕಲ್ಲು ಹೊಡೆಯುವ ಹುಡುಗರೂ ಬರುವುದಿಲ್ಲ. ಮಾವು, ನೇರಳೆ, ಹೊಂಗೆ, ಹಿಪ್ಪೆ ಇರಲಿ. ಸಾಲು ಹಿಡಿದು ನೆಡಬೇಡಿ. ಹುಣಸೆಯನ್ನು ನಡುವೆ ಇಟ್ಟುಕೊಂಡು ಸುತ್ತ ನೆಡಿ, ಹಳೇಮೈಸೂರಿನವರ ‘ದುಂಡು’ ಎಂಬ ಅರ್ಥವೂ ಉಳಿಯುತ್ತದೆ.

ನಾಲೆಬದಿ (ಪಾಂಡವಪುರ)

ತಡವಾಗಿ ಬರೆಯುತ್ತಿದ್ದೇನೆ, ಕ್ಷಮಿಸಿ. ಮೊನ್ನೆ ಭಾನುವಾರ ಸಸಿ ನೆಟ್ಟೆವು. ಹೊಂಗೆ ಹದಿನೆಂಟು, ನೇರಳೆ ಹನ್ನೆರಡು, ಮಾವು ಹತ್ತು. ಹಿಪ್ಪೆಯ ಸಸಿ ಹುಡುಕಿದರೂ ಸಿಗಲಿಲ್ಲ, ಬೀಜ ತರಿಸಿಕೊಳ್ಳಬೇಕಾಗಿದೆ. ಲಾರಿಗಳಿಗೆ ರಸ್ತೆಯ ಬದಿಯಲ್ಲಿ ಐದು ಗುಂಟೆ ಬಿಟ್ಟುಕೊಟ್ಟಿದ್ದೇವೆ. ಇಲ್ಲದಿದ್ದರೆ ಕಬ್ಬಿನ ಕಾಲಕ್ಕೆ ಸಸಿಗಳ ಮೇಲೆಯೇ ನಿಲ್ಲುತ್ತವೆ. ಫಲಕದ ವಿಷಯದಲ್ಲಿ ಹುಡುಗರು ಒಪ್ಪಿದರು. ‘ಗುಂಡುತೋಪು’ ಎಂದು ದೊಡ್ಡದಾಗಿ, ಕೆಳಗೆ ಸರ್ವೆ ನಂಬರು, ವಿಸ್ತೀರ್ಣ, ‘ಊರೊಟ್ಟಿನ ಸ್ವತ್ತು’ ಎಂದು ಬರೆಸಿದ್ದೇವೆ. ಅನುದಾನದ ಆಸೆ ಇದ್ದವನು ಎರಡು ದಿನ ಮಾತು ಬಿಟ್ಟಿದ್ದ. ಈಗ ಅವನದೇ ಪಾಳಿಯಲ್ಲಿ ನೀರು ಹಾಕುತ್ತಿದ್ದಾನೆ.

ಒಂದೇ ತೊಂದರೆ. ಬಣ್ಣ ಬರೆಯುವವರು ನಡುವೆ ಜಾಗ ಬಿಟ್ಟು ‘ಗುಂಡು ತೋಪು’ ಎಂದು ಎರಡು ಪದವಾಗಿ ಬರೆದುಬಿಟ್ಟಿದ್ದಾರೆ. ತಿದ್ದಿಸಬೇಕೇ, ಹೀಗೆಯೇ ಬಿಡಬಹುದೇ?

ಸರಪಳಿ (ಮಂಡ್ಯ)

ತಮ್ಮ ದಾಖಲೆಯಲ್ಲಿ ಹೇಗಿದೆಯೋ ಹಾಗೆಯೇ ಬರೆಸಿ. ನಾನು ನೋಡಿರುವ ಬಹುಪಾಲು ಕಡೆ ಕೂಡಿಸಿಯೇ ಬರೆದಿರುತ್ತಾರೆ.

ಹಳೇಮೈಸೂರು

ತಿದ್ದಿಸಿಬಿಡಿ. ದಸರೆಯ ಸಮಯದಲ್ಲಿ ಮೇಲುಕೋಟೆಗೆ ಹೋಗುವ ಪ್ರವಾಸಿಗರು ಆ ದಾರಿಯಲ್ಲೇ ಬರುತ್ತಾರೆ. ನಡುವೆ ಜಾಗ ಬಿಟ್ಟರೆ ಕಾರು ನಿಲ್ಲಿಸಿ ಫಿರಂಗಿ ಎಲ್ಲಿ ಎಂದು ಕೇಳುತ್ತಾರೆ.